ಕಬ್ಬನ್ ಪಾರ್ಕಿನ ಕುದುರೆ ಸವಾರ: ನೋಡಲು ಹೋಗುವವರಿಗೆ

ನೇರಳೆ ಮಾರ್ಗದ ಮೆಟ್ರೊದಲ್ಲಿ ವಿಧಾನಸೌಧ ನಿಲ್ದಾಣದಲ್ಲಿ ಇಳಿದು ನಡೆದರೆ ಸಾಕು. ಆದರೆ ಹಳೇ ಕೈಪಿಡಿ ನಂಬಿ ಹೈಕೋರ್ಟ್ ಆವರಣದಲ್ಲಿ ಹುಡುಕಬೇಡಿ. ಮಾರ್ಕ್ ಕಬ್ಬನ್ ಪ್ರತಿಮೆ 2020ರಲ್ಲೇ ಪಾರ್ಕಿನೊಳಗೆ ಬಂದಿದೆ. ಶಿಲ್ಪಿ ಮರೋಕೆಟ್ಟಿ, ಅನಾವರಣ 1866.

ಕಂಚಿನ ಕೆಲಸಕ್ಕೆ ಪೂರ್ತಿ ಅಂಕ. ವಿವರಣೆಯನ್ನು ಮಾತ್ರ ಮೊದಲೇ ಓದಿಕೊಂಡು ಹೋಗಿ, ಏಕೆಂದರೆ ಕುದುರೆ ಮೇಲಿನ ಸೇನಾಧಿಕಾರಿಯನ್ನು ನೋಡಿದರೆ ಆತ ಯುದ್ಧಕ್ಕಿಂತ ಲೆಕ್ಕಪತ್ರದಲ್ಲಿ ಗಟ್ಟಿಗ ಎಂಬುದು ತಿಳಿಯದು. ಮದ್ರಾಸ್ ಸೇನೆಯಿಂದ ಬಂದವನು, ಶಿವಮೊಗ್ಗ ಸೀಮೆಯ ನಗರ ಎಂಬಲ್ಲಿ ನಡೆದ ದಂಗೆಯ ತನಿಖಾ ಸಮಿತಿಯಲ್ಲಿ ಕೂತು, 1834ರಿಂದ 1861ರವರೆಗೆ ಬ್ರಿಟಿಷರ ಪರವಾಗಿ ಮೈಸೂರು ಸಂಸ್ಥಾನದ ಆಡಳಿತ ನಡೆಸುವ ಕಮಿಷನರ್ ಆಗಿದ್ದ. ಸುಮಾರು 1,600 ಮೈಲಿ ರಸ್ತೆ ಅವನ ಕಾಲದ್ದು. ಅದಕ್ಕಿಂತ ಸ್ವಾರಸ್ಯ ಅವನು ತೆಗೆದುಹಾಕಿದ 769 ಚಿಲ್ಲರೆ ತೆರಿಗೆಗಳದು: ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೂ ತೆರಿಗೆ. ಪಾಳೇಗಾರನ ಕಳೆದುಹೋದ ಕುದುರೆಯನ್ನು ಪೂರ್ವಿಕರು ಹುಡುಕಿಕೊಡಲಿಲ್ಲವೆಂದು ಒಂದು ಊರೇ ದಂಡ ಕಟ್ಟುತ್ತಿತ್ತು! ಈಗ ಅವನನ್ನೇ ಕುದುರೆ ಮೇಲೆ ಕೂರಿಸಿದ್ದಾರೆ.

ಲಾಬಿ ಮಾಡುವುದರಲ್ಲೂ ಕಬ್ಬನ್ ಕಡಿಮೆಯಿಲ್ಲ. 1860ರಲ್ಲಿ ಮೈಸೂರನ್ನು ಮದ್ರಾಸ್ ಸರ್ಕಾರದ ಕೈಗೆ ಒಪ್ಪಿಸುವ ಆದೇಶ ಬಂದಾಗ ಮುಮ್ಮಡಿ ಕೃಷ್ಣರಾಜ ಒಡೆಯರ್ ಪ್ರತಿಭಟಿಸಿದರು, ಕಬ್ಬನ್ ರಾಜೀನಾಮೆ ಮುಂದಿಟ್ಟ. ವೈಸರಾಯ್ ಕ್ಯಾನಿಂಗ್ ಆದೇಶ ಹಿಂತೆಗೆದುಕೊಂಡ. ಆದರೆ ಕಬ್ಬನ್ ಜನ ಆರಿಸಿದವನಲ್ಲ, ಅರಸರ ಅಧಿಕಾರ ಕಿತ್ತುಕೊಂಡ ವ್ಯವಸ್ಥೆಯ ಆಳು ಎಂಬುದೂ ನೆನಪಿರಲಿ.

ಪಾರ್ಕಿನ ಹೆಸರಿನ ಗೊಂದಲವೂ ಇದೆ. 1870ರಲ್ಲಿ ಇದು ಮೀಡ್ಸ್ ಪಾರ್ಕ್, ಈಗ ಅಧಿಕೃತವಾಗಿ ಶ್ರೀ ಚಾಮರಾಜೇಂದ್ರ ಉದ್ಯಾನ. ಆಟೋದವರಿಗೆ ಕಬ್ಬನ್ ಪಾರ್ಕ್ ಅಂತಲೇ ಹೇಳಿ.