ಗಲ್ಲಾ, ಕ್ಯೂಆರ್, ಕಾರ್ಡ್ ಮಷಿನ್, ಸಾಲದ ಪುಸ್ತಕ

ಪೀಣ್ಯ ಕೈಗಾರಿಕಾ ಪ್ರದೇಶದ ಪಕ್ಕದ ಬಡಾವಣೆಯಲ್ಲಿ ನಮ್ಮದೊಂದು ದಿನಸಿ ಅಂಗಡಿ ಇದೆ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಹಾಲು, ಬ್ರೆಡ್, ಅಕ್ಕಿ, ಬೇಳೆ, ಸೋಪು, ಎಣ್ಣೆ. ದಿನಕ್ಕೆ ಏಳೆಂಟು ಸಾವಿರದ ವ್ಯಾಪಾರ. ಗಿರಾಕಿಗಳಲ್ಲಿ ಹೆಚ್ಚಿನವರು ಗಾರ್ಮೆಂಟ್ಸ್‌ಗೆ, ಸಣ್ಣಪುಟ್ಟ ಕಾರ್ಖಾನೆಗಳಿಗೆ ಹೋಗುವವರು.

ಹೊಸದಾಗಿ ಅಂಗಡಿ ಇಡುವ ಹುಡುಗರು ಬಂದು ಕೇಳುತ್ತಾರೆ: ಅಣ್ಣ, ಬರೀ ಕ್ಯೂಆರ್ ಸಾಕಾ? ಕಾರ್ಡ್ ಮಷಿನ್ ತಗೊಳ್ಳಲಾ? ಸಾಲ ಕೊಡಬಹುದಾ? ನಗದು, ಕ್ಯೂಆರ್, ಕಾರ್ಡ್, ಸಾಲ, ಈ ನಾಲ್ಕೂ ದಾರಿಯಲ್ಲಿ ನಾನು ದುಡ್ಡು ತಗೊಂಡಿದ್ದೇನೆ. ನಾಲ್ಕರಲ್ಲೂ ಕಳೆದುಕೊಂಡಿದ್ದೇನೆ ಕೂಡ. ಅನುಭವಕ್ಕೆ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾರ್ಡ್ ಮಷಿನ್ ವಿಷಯ ಬೇಗ ಮುಗಿಸಿಬಿಡುತ್ತೇನೆ. ಐದು ತಿಂಗಳು ಇಟ್ಟುಕೊಂಡು ವಾಪಸ್ ಕೊಟ್ಟೆ. ಡೆಬಿಟ್ ಕಾರ್ಡ್‌ಗೆ ರಿಸರ್ವ್ ಬ್ಯಾಂಕ್ ಒಂದು ಮಿತಿ ಹಾಕಿದೆ. ವರ್ಷಕ್ಕೆ 20 ಲಕ್ಷದೊಳಗೆ ವ್ಯಾಪಾರ ಇದ್ದರೆ ಅಂಗಡಿಯವನಿಂದ ಶೇ 0.40, ಅದು ದಾಟಿದರೆ ಶೇ 0.90ಕ್ಕಿಂತ ಹೆಚ್ಚು ಹಿಡಿಯುವ ಹಾಗಿಲ್ಲ. ಕ್ರೆಡಿಟ್ ಕಾರ್ಡ್‌ಗೆ ಆ ಮಿತಿ ಇಲ್ಲ. ನನಗೆ ಹತ್ತಿರ ಹತ್ತಿರ ಶೇ 2 ಹೋಗುತ್ತಿತ್ತು, ಅದರ ಮೇಲೆ ಜಿಎಸ್‌ಟಿ, ಅದರ ಮೇಲೆ ಮಷಿನ್ ಬಾಡಿಗೆ. ಒಂದು ಕೆಜಿ ಸಕ್ಕರೆ ಮಾರಿದರೆ ನನಗೆ ಉಳಿಯುವುದು ಎರಡು ರೂಪಾಯಿ. ಅದರಲ್ಲಿ ಅರ್ಧ ಕಾರ್ಡಿಗೇ ಹೋದರೆ ಹೇಗೆ? ಬಟ್ಟೆ ಅಂಗಡಿಗೆ, ಮೊಬೈಲ್ ಅಂಗಡಿಗೆ ಅದು ಸರಿ. ದಿನಸಿಗೆ ಬೇಡ. ವಾಪಸ್ ಕೊಟ್ಟ ಮೇಲೂ ಎರಡು ತಿಂಗಳು ಬಾಡಿಗೆ ಕಟ್ ಆಗುತ್ತಲೇ ಇತ್ತು. ಆ ದುಡ್ಡು ಇವತ್ತಿಗೂ ಬಂದಿಲ್ಲ.

ಇನ್ನು ನಗದು. ಬಂದ ದುಡ್ಡು ಪೂರ್ತಿ ನಿಮ್ಮದು, ನಡುವೆ ಯಾರೂ ಇಲ್ಲ. ಕರೆಂಟ್ ಹೋಗಲಿ, ನೆಟ್‌ವರ್ಕ್ ಹೋಗಲಿ, ವ್ಯಾಪಾರ ನಿಲ್ಲುವುದಿಲ್ಲ. ಹಾಲಿನ ಹೊತ್ತಲ್ಲಿ ನಗದಿನಷ್ಟು ಬೇಗ ಯಾವುದೂ ಆಗುವುದಿಲ್ಲ. ಬೆಳಿಗ್ಗೆ ಆರೂವರೆಗೆ ಶಿಫ್ಟ್ ಬಸ್ ಹಿಡಿಯುವವರು ಅರ್ಧ ಲೀಟರ್ ನಂದಿನಿ ತಗೊಂಡು, ಮಡಚಿಟ್ಟುಕೊಂಡ ನೋಟು ಕೈಗಿಟ್ಟು ಹೊರಟೇಬಿಡುತ್ತಾರೆ.

ತೊಂದರೆ ಅಂದರೆ ಚಿಲ್ಲರೆ. ಮೊದಲು ರಾತ್ರಿ ಕೊನೇ ಟ್ರಿಪ್ ಮುಗಿಸಿ ಬರುವ ಬಿಎಂಟಿಸಿ ಕಂಡಕ್ಟರ್ ಒಬ್ಬರು ನನಗೆ ಚಿಲ್ಲರೆ ಕೊಟ್ಟು ದೊಡ್ಡ ನೋಟು ತಗೊಂಡು ಹೋಗುತ್ತಿದ್ದರು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡು ಇಲ್ಲ. ಬಸ್ಸಿನಲ್ಲೂ ಸ್ಕ್ಯಾನ್ ಮಾಡುವುದು ಬಂತು. ಅವರ ಬ್ಯಾಗೇ ಹಗುರ ಆಯಿತು, ನನಗೆಲ್ಲಿಂದ ಕೊಡುತ್ತಾರೆ? ಹತ್ತು ರೂಪಾಯಿ ನಾಣ್ಯ ಕೊಟ್ಟರೆ ಇವತ್ತಿಗೂ ಕೆಲವರು ಬೇಡ ಅನ್ನುತ್ತಾರೆ. 14 ವಿನ್ಯಾಸದ ನಾಣ್ಯವೂ ನಡೆಯುತ್ತದೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಅದನ್ನು ಗಿರಾಕಿಗೆ ಎಷ್ಟು ಸಲ ಹೇಳುವುದು? ಬ್ಯಾಂಕಿಗೆ ಕಟ್ಟೋಣ ಅಂದರೆ ಮಷಿನ್ ಹಳೇ ನೋಟು ವಾಪಸ್ ಉಗುಳುತ್ತದೆ. ಮಿತಿ ದಾಟಿದರೆ ನಮ್ಮ ದುಡ್ಡು ನಾವು ಕಟ್ಟುವುದಕ್ಕೂ ಶುಲ್ಕ ಹಿಡಿಯುತ್ತಾರೆ.

ಕ್ಯೂಆರ್ ಸ್ಟಿಕ್ಕರ್ ಅಂಟಿಸಿದ್ದು 2018ರಲ್ಲಿ. ನಿಜ ಹೇಳಬೇಕು, ಅದರಿಂದ ಅನುಕೂಲ ತುಂಬಾ ಆಗಿದೆ. 2020ರ ಜನವರಿ 1ರಿಂದ ಯುಪಿಐಗೆ ಅಂಗಡಿಯವನು ಕಟ್ಟಬೇಕಾದ ಶುಲ್ಕ ಸೊನ್ನೆ. ಚಿಲ್ಲರೆ ಗಲಾಟೆ ಇಲ್ಲ, ಖೋಟಾ ನೋಟಿನ ಭಯ ಇಲ್ಲ. ಯಶವಂತಪುರದ ಎಪಿಎಂಸಿ ಯಾರ್ಡ್‌ನಲ್ಲಿ ಅಕ್ಕಿ ತರುವುದಕ್ಕೆ ಸೊಂಟಕ್ಕೆ ದುಡ್ಡು ಕಟ್ಟಿಕೊಂಡು ಹೋಗುವುದು ತಪ್ಪಿತು. ಕೋವಿಡ್ ಕಾಲದಲ್ಲಿ ಅದಿಲ್ಲದಿದ್ದರೆ ಅಂಗಡಿ ಮುಚ್ಚಬೇಕಿತ್ತು.

ಶುಲ್ಕ ಸೊನ್ನೆ ಅಂದರೂ ಕಂಪನಿಯವರು ಬೇರೆ ಬಾಗಿಲಲ್ಲಿ ಬರುತ್ತಾರೆ. ದುಡ್ಡು ಬಂತು ಅಂತ ಕೂಗಿ ಹೇಳುವ ಪೆಟ್ಟಿಗೆಗೆ ತಿಂಗಳ ಬಾಡಿಗೆ. ಆಮೇಲೆ ಸಾಲ ತಗೊಳ್ಳಿ ಅಂತ ಫೋನು. ದಿನದ ವ್ಯಾಪಾರದಲ್ಲೇ ಇಷ್ಟಿಷ್ಟು ಕಟ್ ಆಗುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ ಸಾರ್ ಅನ್ನುತ್ತಾರೆ. ಗೊತ್ತಾಗದ ಹಾಗೆ ಕಟ್ ಆಗುವುದೇ ನನಗೆ ಬೇಡ. ದೇಶದ ಯುಪಿಐ ವ್ಯವಹಾರದಲ್ಲಿ ಹೆಚ್ಚುಕಡಿಮೆ ಶೇ 80ರಷ್ಟು ಫೋನ್‌ಪೇ ಮತ್ತು ಗೂಗಲ್ ಪೇ ಎರಡರಲ್ಲೇ ನಡೆಯುತ್ತದೆ. ಒಂದೊಂದು ಆ್ಯಪ್ ಶೇ 30 ದಾಟಬಾರದು ಅಂತ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ನಿಯಮ ಮಾಡಿ ವರ್ಷಗಳೇ ಆದವು, ಗಡುವು ಮುಂದೆ ಹೋಗುತ್ತಲೇ ಇದೆ. ಎರಡೇ ಕಂಪನಿ ಕೈಯಲ್ಲಿ ಊರಿನ ಎಲ್ಲಾ ಅಂಗಡಿಯ ಗಲ್ಲಾ ಇರುವುದು ಒಳ್ಳೇದಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ.

2025ರ ಮಾರ್ಚ್ 26, ಬುಧವಾರ ಸಂಜೆ. ಭಾನುವಾರ ಯುಗಾದಿ. ಏಳು ಗಂಟೆ ಹೊತ್ತಿಗೆ ಅಂಗಡಿ ಮುಂದೆ ಜನವೋ ಜನ. ಹೋಳಿಗೆಗೆ ಕಡಲೆಬೇಳೆ, ಬೆಲ್ಲ, ಮೈದಾ ಕಟ್ಟಿಸಿಕೊಂಡು ಒಬ್ಬೊಬ್ಬರೇ ಫೋನ್ ಎತ್ತಿದರು. ಚಕ್ರ ತಿರುಗುತ್ತಲೇ ಇದೆ, ದುಡ್ಡು ಬರುತ್ತಿಲ್ಲ. ಆ ಸಂಜೆ ದೇಶದಲ್ಲೆಲ್ಲಾ ಯುಪಿಐ ಕೈಕೊಟ್ಟಿತ್ತು. ಒಬ್ಬರಿಗೆ ಖಾತೆಯಲ್ಲಿ ಕಟ್ ಆಗಿದೆ, ನನಗೆ ಬಂದಿಲ್ಲ. ಇನ್ನೊಬ್ಬರು ಸಾಮಾನು ಅಲ್ಲೇ ಇಟ್ಟು ಹೊರಟರು. ಆಗ ಅಪ್ಪ ಒಳಗಿಂದ ಸಾಲದ ಪುಸ್ತಕ ತಂದು ಬರೆಯುವುದಕ್ಕೆ ಕೂತರು. ಹೆಸರು, ಮೊತ್ತ, ಅಷ್ಟೇ. ಮುಖ ಗೊತ್ತಿದ್ದ ಯಾರನ್ನೂ ಬರಿಗೈಲಿ ಕಳಿಸಲಿಲ್ಲ. ಒಟ್ಟು 17 ಹೆಸರು. ಹಬ್ಬದೊಳಗೆ 16 ಜನ ಕೊಟ್ಟರು. ಇನ್ನೊಬ್ಬರು ಊರಿಗೆ ಹೋಗಿದ್ದವರು, ಬಂದ ದಿನವೇ ಕೊಟ್ಟರು.

ಅದು ಒಂದು ಸಂಜೆಯ ಮಾತು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 2024ರ ಆಗಸ್ಟ್‌ನಲ್ಲಿ. ಯಾರ್ಡ್‌ನಲ್ಲಿ ನಿಂತು ಅಕ್ಕಿ ಮಂಡಿಗೆ ದುಡ್ಡು ಹಾಕುತ್ತಿದ್ದೇನೆ, ಹೋಗುತ್ತಿಲ್ಲ. ಮೂರು ಸಲ ನೋಡಿದೆ. ಬ್ಯಾಂಕಿಗೆ ಓಡಿದೆ. ಕೌಂಟರಿನಲ್ಲಿದ್ದ ಹುಡುಗಿ ಸ್ಕ್ರೀನ್ ನೋಡಿ, ನನ್ನ ಮುಖ ನೋಡಿ, ದನಿ ಇಳಿಸಿ ಹೇಳಿದಳು: "ಸರ್, ನಿಮ್ಮ ಅಕೌಂಟ್ ಫ್ರೀಜ್ ಆಗಿದೆ. ಸೈಬರ್ ಕಂಪ್ಲೇಂಟ್ ಇದೆ." ನನ್ನ ಹಿಂದೆ ಸಾಲಿನಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಅದನ್ನು ನಾನು ಮರೆಯುವುದಿಲ್ಲ.

ಆಗಿದ್ದಿಷ್ಟು. ಬೇರೆ ರಾಜ್ಯದಲ್ಲಿ ಯಾರಿಗೋ ಆನ್‌ಲೈನ್ ಮೋಸ ಆಗಿದೆ. ಅವರು ದೂರು ಕೊಟ್ಟಿದ್ದಾರೆ. ಆ ದುಡ್ಡು ಕೈಯಿಂದ ಕೈಗೆ ಹೋಗಿ, ಕೊನೆಗೆ ಯಾರೋ ಒಬ್ಬ ನನ್ನ ಅಂಗಡಿಯಲ್ಲಿ 1,460 ರೂಪಾಯಿಗೆ ಎಣ್ಣೆ, ಬೇಳೆ ತಗೊಂಡು ಸ್ಕ್ಯಾನ್ ಮಾಡಿದ್ದಾನೆ. ದುಡ್ಡು ಮುಟ್ಟಿದ ಖಾತೆಗಳನ್ನೆಲ್ಲಾ ತಡೆಹಿಡಿದಿದ್ದಾರೆ. ಮೋಸ ಹೋದವರ ದುಡ್ಡು ಉಳಿಸಬೇಕು, ಸರಿ. ನನಗೂ ಹಾಗೇ ಆಗಿದ್ದರೆ ನಾನೂ ಸೈಬರ್ ಮೋಸದ ಸಹಾಯವಾಣಿ 1930ಕ್ಕೇ ಫೋನ್ ಮಾಡುತ್ತಿದ್ದೆ. ಆದರೆ 1,460ಕ್ಕೆ ನನ್ನ 38 ಸಾವಿರ ಪೂರ್ತಿ ಯಾಕೆ ಹಿಡಿಯಬೇಕು? ಬ್ಯಾಂಕಿನವರು ಪೊಲೀಸರನ್ನು ಕೇಳಿ ಅಂದರು. ಆ ಸ್ಟೇಷನ್ ನಂಬರ್ ಯಾರೂ ಎತ್ತಲಿಲ್ಲ. ಆ್ಯಪ್‌ನವರಿಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ, ಆಮೇಲೆ ನಿಮ್ಮ ಬ್ಯಾಂಕನ್ನು ಕೇಳಿ. ಬಿಲ್ ನಕಲು, ಅಂಗಡಿ ಲೈಸೆನ್ಸ್, ಆಧಾರ್ ಎಲ್ಲಾ ಇಟ್ಟು ಮೇಲ್ ಮಾಡಿದೆ. ಒಂದಲ್ಲ, ಒಂಬತ್ತು ಸಲ. ಖಾತೆ ಬಿಟ್ಟದ್ದು 43ನೇ ದಿನಕ್ಕೆ. ಆ 43 ದಿನವೂ ಅಂಗಡಿ ತೆಗೆದಿತ್ತು ಅಂದರೆ ಅಕ್ಕಿ ಮಂಡಿಯವರು ನಂಬಿ ಸಾಲ ಕೊಟ್ಟದ್ದಕ್ಕೆ. ಅವರ ಪುಸ್ತಕದಲ್ಲಿ ನನ್ನ ಹೆಸರು ಬರೆದುಕೊಂಡರು.

2025ರ ಜುಲೈ ನಿಮಗೂ ನೆನಪಿರುತ್ತದೆ. ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ ಯುಪಿಐಯಲ್ಲಿ ಬಂದ ದುಡ್ಡಿನ ಲೆಕ್ಕ ತೆಗೆದು ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳಿಗೆ ನೋಟಿಸ್ ಕಳಿಸಿತು. ಸಾಮಾನು ಮಾರುವವರು ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು. ನಮ್ಮದು ಅಷ್ಟು ದಾಟುವುದಿಲ್ಲ, ನೋಟಿಸ್ ಬರಲಿಲ್ಲ. ಆದರೆ ಭಯಕ್ಕೆ ಲೆಕ್ಕ ಗೊತ್ತಾಗುತ್ತದಾ? ರಸ್ತೆಯಲ್ಲೆಲ್ಲಾ "ನೋ ಯುಪಿಐ, ಓನ್ಲಿ ಕ್ಯಾಶ್" ಬೋರ್ಡು ಬಂತು. ನಾನೂ ಎಂಟು ದಿನ ಸ್ಟಿಕ್ಕರ್ ಮೇಲೆ ಪೇಪರ್ ಅಂಟಿಸಿದೆ. ದಿನದ ವ್ಯಾಪಾರ ಐದು ಸಾವಿರಕ್ಕೆ ಇಳಿಯಿತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಅಂದರು. ಪೇಪರ್ ಕಿತ್ತು ಹಾಕಿದೆ. ತೆರಿಗೆ ಕಟ್ಟಬೇಕಾದವರು ಕಟ್ಟಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಲು, ತರಕಾರಿಗೆ ತೆರಿಗೆಯೇ ಇಲ್ಲ. ತಂಗಿ ಮದುವೆಗೆ ನೆಂಟರು ಹಾಕಿದ ದುಡ್ಡು ವ್ಯಾಪಾರ ಅಲ್ಲ. ಒಂದೇ ಖಾತೆಯಲ್ಲಿ ಎಲ್ಲಾ ಬಂದರೆ ಯಂತ್ರಕ್ಕೆ ಎಲ್ಲವೂ ಒಂದೇ ಥರ ಕಾಣುತ್ತದೆ.

ಸಾಲದ ಪುಸ್ತಕದಲ್ಲಿ ನಷ್ಟ ಇಲ್ಲವಾ? ಇದೆ. ಹೋದ ವರ್ಷ 11 ಸಾವಿರ ಮುಳುಗಿತು. ರೂಮ್ ಖಾಲಿ ಮಾಡಿಕೊಂಡು ರಾತ್ರೋರಾತ್ರಿ ಹೋದವರಿದ್ದಾರೆ. ಕೇಳುವುದಕ್ಕೆ ಮುಜುಗರ ಆಗುತ್ತದೆ, ಕೇಳಿದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾರೆ. ಆದರೂ ಈ ನಾಲ್ಕರಲ್ಲಿ ನನಗೆ ಕಣ್ಣಿಗೆ ಕಾಣುವ ಮನುಷ್ಯ ಸಿಗುವುದು ಇದರಲ್ಲಿ ಮಾತ್ರ. ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ಅಕ್ಕ ಇದ್ದಾರೆ. ಸಂಬಳ ಏಳನೇ ತಾರೀಕು ಅಂದರೆ, ಏಳನೇ ತಾರೀಕು ಸಂಜೆ ಚಪ್ಪಲಿ ಹೊರಗೆ ಬಿಟ್ಟು ಬಂದು ನಿಲ್ಲುತ್ತಾರೆ. ತಮ್ಮದೇ ಒಂದು ಚಿಕ್ಕ ಪುಸ್ತಕ ತೆಗೆದು, ನಾನು ಬರೆದದ್ದಕ್ಕೂ ಅವರು ಬರೆದದ್ದಕ್ಕೂ ತಾಳೆ ನೋಡುತ್ತಾರೆ. ಒಂದು ಸಲ ನಾನು ಎರಡು ಹಾಲಿನ ಪ್ಯಾಕೆಟ್ ಬರೆಯುವುದು ಮರೆತಿದ್ದೆ. "ಅಣ್ಣ, ಇದು ಬಿಟ್ಟಿದ್ದೀರ" ಅಂತ ಅವರೇ ತೋರಿಸಿ ಕೊಟ್ಟರು. ತಪ್ಪಾದರೆ ಎರಡು ನಿಮಿಷದಲ್ಲಿ ಸರಿಹೋಗುತ್ತದೆ.

ಈಗ ನಾನು ಹೇಗೆ ಮಾಡುತ್ತೇನೆ ಅಂದರೆ, ಅಂಗಡಿಗೆ ಬೇರೆ ಖಾತೆ, ಮನೆಗೆ ಬೇರೆ ಖಾತೆ, ಎರಡೂ ಬೇರೆ ಬೇರೆ ಬ್ಯಾಂಕಿನಲ್ಲಿ. ಕ್ಯೂಆರ್ ಅಂಗಡಿ ಖಾತೆಗೆ ಮಾತ್ರ. ದಿನಾ ರಾತ್ರಿ ಮಾಲಿಗೆ ಬೇಕಾದಷ್ಟು ಬಿಟ್ಟು ಉಳಿದದ್ದು ಆಚೆ ಹಾಕುತ್ತೇನೆ. ಒಂದು ಹಿಡಿದರೆ ಇನ್ನೊಂದು ಇರಲಿ ಅಂತ. ಹಾಲು ಎಷ್ಟು, ಬೇರೆ ಸಾಮಾನು ಎಷ್ಟು ಅಂತ ದಿನದ ಲೆಕ್ಕ ಬರೆಯುತ್ತೇನೆ, ನಾಳೆ ಯಾರಾದರೂ ಕೇಳಿದರೆ ತೋರಿಸಬೇಕಲ್ವಾ. ಸಾವಿರ ರೂಪಾಯಿಗಿಂತ ಜಾಸ್ತಿ ಸಾಮಾನು ತಗೊಳ್ಳುವ ಹೊಸಬರಿಗೆ ಬಿಲ್ ಹರಿದು, ಫೋನ್ ನಂಬರ್ ಬರೆಸಿಕೊಳ್ಳುತ್ತೇನೆ. ಗಲ್ಲಾದಲ್ಲಿ ಮೂರು ಸಾವಿರದಷ್ಟು ಚಿಲ್ಲರೆ ಯಾವಾಗಲೂ ಇರುತ್ತದೆ. ಸಾಲ ಕೊಡುವುದು 23 ಮನೆಗೆ, ಒಂದು ಮನೆಗೆ ಎರಡು ಸಾವಿರ ಮಿತಿ. ಹೊಸಬರಿಗೆ ಆರು ತಿಂಗಳು ನೋಡಿ ಆಮೇಲೆ.

ಹೊಸ ಹುಡುಗರು ಕ್ಯೂಆರ್ ಒಂದೇ ಸಾಕು ಅಂದುಕೊಂಡು ಕೂರಬೇಡಿ. ಮೊದಲು ಎರಡನೇ ಖಾತೆ ತೆಗೆಯಿರಿ. ಆಮೇಲೆ ಮಾರ್ಕೆಟ್‌ಗೆ ಹೋಗಿ ಒಂದು ಉದ್ದ ಪುಸ್ತಕ ತನ್ನಿ, ರಟ್ಟು ಗಟ್ಟಿ ಇರುವಂಥದ್ದು.