ಜರ್ಮನಿಯಲ್ಲಿ ಫ್ಲ್ಯಾಟ್ ಕೊಳ್ಳುವವರು ಮಾಲೀಕರ ಸಭೆಯ ನಡವಳಿಗಳನ್ನು ಮೊದಲು ಓದಿ

ಜರ್ಮನಿಯಲ್ಲೇ ನೆಲೆ ನಿಲ್ಲುವುದೆಂದು ತೀರ್ಮಾನಿಸಿ, 2022ರ ಮಾರ್ಚ್‌ನಲ್ಲಿ ಸ್ಟುಟ್‌ಗಾರ್ಟ್ ಸಮೀಪದ ಊರೊಂದರಲ್ಲಿ ನಾವು ಮೂರು ಕೋಣೆಗಳ ಫ್ಲ್ಯಾಟ್ ಕೊಂಡೆವು. ನಾಲ್ಕೇ ತಿಂಗಳಲ್ಲಿ, ಕಟ್ಟಡದ ದುರಸ್ತಿಗಾಗಿ ನಮ್ಮ ಪಾಲಿನ 22,800 ಯೂರೊ ಕಟ್ಟಬೇಕೆಂಬ ಪತ್ರ ಬಂತು. ಆ ಖರ್ಚಿನ ಸುಳಿವು ಸಹಿ ಹಾಕುವ ಮೊದಲೇ ನನ್ನ ಕೈಯಲ್ಲಿದ್ದ ಕಾಗದಗಳಲ್ಲಿತ್ತು. ನಾನು ಅದನ್ನು ಓದಿರಲಿಲ್ಲ. ಇಲ್ಲಿ ಮನೆ ಕೊಳ್ಳಲು ಹೊರಟಿರುವ ನಮ್ಮವರು ಯಾರೂ ಇದೇ ತಪ್ಪು ಮಾಡಬಾರದೆಂದು ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಕಟ್ಟಡ 1970ರ ದಶಕದ್ದು, ಒಟ್ಟು ಇಪ್ಪತ್ನಾಲ್ಕು ಮನೆಗಳು. ಮನೆ ನೋಡಲು ಹೋದ ದಿನ ಮೂರನೆಯ ಮಹಡಿಯ ಬಾಲ್ಕನಿಯ ಕೆಳಗೆ ಹಸಿರು ಬಲೆಯೊಂದನ್ನು ಬಿಗಿದು ಕಟ್ಟಿದ್ದು ಕಣ್ಣಿಗೆ ಬಿತ್ತು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬಾಲ್ಕನಿ ಬಾಲ್ಕನಿಗೂ ಪಾರಿವಾಳದ ಬಲೆ ನೋಡಿ ಬೆಳೆದ ನನಗೆ ಅದೇನೂ ವಿಶೇಷವಾಗಿ ಕಾಣಲಿಲ್ಲ, ಹಾಗಾಗಿ ಯಾರನ್ನೂ ಕೇಳಲಿಲ್ಲ. ವಾಸ್ತವದಲ್ಲಿ ಅದನ್ನು ಕಟ್ಟಿದ್ದು ಉದುರುತ್ತಿದ್ದ ಕಾಂಕ್ರೀಟ್ ಚೂರುಗಳು ಕೆಳಗೆ ಓಡಾಡುವವರ ತಲೆಯ ಮೇಲೆ ಬೀಳದಿರಲೆಂದು. ಒಳಗೆ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಮೇಲಿನ ಕಾಂಕ್ರೀಟನ್ನು ಸೀಳುತ್ತಿತ್ತು. ಮನೆಯೊಳಗೆ ಹೊಸ ಬಣ್ಣ, ಹೊಸ ಅಡುಗೆಮನೆ ಇತ್ತು. ನಾವು ನೋಡಿದ್ದು ಅಷ್ಟನ್ನೇ.

ಇಲ್ಲಿಯ ಒಡೆತನದ ರೀತಿ ನಮಗೆ ತೀರಾ ಅಪರಿಚಿತವೇನಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಲ್ಲೂ ಫ್ಲ್ಯಾಟಿನ ಜೊತೆಗೆ ಸಾಮಾನ್ಯ ಭಾಗಗಳಲ್ಲಿ ಅವಿಭಜಿತ ಪಾಲೊಂದು ಬರುತ್ತದೆ. ಜರ್ಮನಿಯಲ್ಲಿ ಇದಕ್ಕಾಗಿ 1951ರಿಂದಲೇ ಪ್ರತ್ಯೇಕ ಕಾಯ್ದೆಯಿದ್ದು, 2020ರ ಡಿಸೆಂಬರ್‌ನಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಜಾರಿಗೆ ಬಂತು. ಯಾವುದು ಖಾಸಗಿ, ಯಾವುದು ಸಾಮಾನ್ಯ, ಯಾರ ಪಾಲೆಷ್ಟು ಎಂಬುದನ್ನು ‘ಟೈಲುಂಗ್ಸ್‌ಎರ್ಕ್ಲೇರುಂಗ್’ ಎಂಬ ವಿಭಜನಾ ಪತ್ರ ಹೇಳುತ್ತದೆ. ನಮ್ಮ ಪಾಲು ಸಾವಿರದಲ್ಲಿ 38. ನಮ್ಮದಾಗಿರುವುದು ಹೆಚ್ಚುಕಡಿಮೆ ಗೋಡೆಗಳ ಒಳಮೈ, ನೆಲಹಾಸು, ಒಳಬಾಗಿಲು ಇಂಥವು ಮಾತ್ರ. ಭಾರ ಹೊರುವ ಗೋಡೆ, ಛಾವಣಿ, ಬಾಲ್ಕನಿಯ ಕಾಂಕ್ರೀಟು ಎಲ್ಲರಿಗೂ ಸೇರಿದ್ದು. ಕಿಟಕಿಗಳೂ ಹಾಗೆಯೇ. ಇದು ಗೊತ್ತಿಲ್ಲದೆ ನಾನು ಹಳೆಯ ಕಿಟಕಿಗಳನ್ನು ಬದಲಿಸಲು ಮುಂಗಡ ಕೊಟ್ಟು, ಮಾಲೀಕರ ಸಭೆಯ ಒಪ್ಪಿಗೆಯಿಲ್ಲದೆ ಮುಟ್ಟುವಂತಿಲ್ಲವೆಂದು ಕಟ್ಟಡದ ವ್ಯವಸ್ಥಾಪಕರು ತಿಳಿಸಿದ ಮೇಲೆ ಆ ಹಣವನ್ನು ಕಳೆದುಕೊಂಡೆ. ಮುಂದೆ ಬಂದದ್ದರ ಎದುರು ಅದು ಸಣ್ಣ ನಷ್ಟ.

ಮಾಲೀಕರು ಪ್ರತಿ ತಿಂಗಳು ‘ಹೌಸ್‌ಗೆಲ್ಡ್’ ಎಂಬ ನಿರ್ವಹಣಾ ಹಣ ಕಟ್ಟುತ್ತಾರೆ, ಅದರಲ್ಲಿ ಒಂದಂಶ ಮುಂದಿನ ದುರಸ್ತಿಗಳ ನಿಧಿಗೆ ಹೋಗುತ್ತದೆ. ನಮ್ಮ ಕಟ್ಟಡದಲ್ಲಿ ಈ ಮಾಸಿಕ ಹಣ ಅಕ್ಕಪಕ್ಕದ ಕಟ್ಟಡಗಳಿಗಿಂತ ಕಡಿಮೆಯಿತ್ತು. ನಾವು ಅದನ್ನೊಂದು ಅನುಕೂಲವೆಂದೇ ಭಾವಿಸಿದೆವು. ವರ್ಷಗಟ್ಟಲೆ ಕಡಿಮೆ ಕಟ್ಟಿದ್ದರಿಂದಲೇ ನಿಧಿಯಲ್ಲಿ 1,20,000 ಯೂರೊ ಮಾತ್ರ ಉಳಿದಿತ್ತೆಂಬುದು, ಬಾಲ್ಕನಿಗಳ ಮತ್ತು ಹೊರಗೋಡೆಯ ದುರಸ್ತಿಗೆ 7,20,000 ಯೂರೊ ಬೇಕೆಂದು ಅಂದಾಜಾದ ದಿನ ಅರ್ಥವಾಯಿತು. ಕೊರತೆ ಬಿದ್ದ ಆರು ಲಕ್ಷವನ್ನು ‘ಜೋಂಡರ್‌ಉಮ್‌ಲಾಗೆ’, ಅಂದರೆ ವಿಶೇಷ ವಂತಿಗೆಯಾಗಿ ಎತ್ತಬೇಕೆಂದು ಜುಲೈನ ಸಭೆ ನಿರ್ಣಯಿಸಿತು. ಅದರಲ್ಲಿ ಸಾವಿರಕ್ಕೆ 38ರಂತೆ ನಮ್ಮ ಪಾಲಿಗೆ ಬಂದದ್ದೇ ಆ 22,800.

ಆ ಸಭೆಗೆ ನಾನು ಹೋಗಿರಲಿಲ್ಲ, ತಂಗಿಯ ಮದುವೆಗೆಂದು ಶಿವಮೊಗ್ಗದಲ್ಲಿದ್ದೆ. ಮೂರು ವಾರ ಮೊದಲೇ ಬಂದ ನೋಟಿಸನ್ನು ಅಪಾರ್ಟ್‌ಮೆಂಟ್ ಸಂಘದ ವಾರ್ಷಿಕ ಸಭೆಯ ಕರೆಯೋಲೆಯಂತೆ ಬದಿಗಿಟ್ಟಿದ್ದೆ. ತಿದ್ದುಪಡಿಯ ನಂತರ ಎಷ್ಟೇ ಕಡಿಮೆ ಜನ ಬಂದರೂ ಸಭೆ ನಿರ್ಣಯ ಕೈಗೊಳ್ಳಬಹುದು, ಚಲಾವಣೆಯಾದ ಮತಗಳಲ್ಲಿ ಬಹುಮತವಿದ್ದರೆ ಸಾಕು. ನಿರ್ಣಯವನ್ನು ಪ್ರಶ್ನಿಸುವುದಿದ್ದರೆ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ಹೋಗಬೇಕು. ದುರಸ್ತಿ ಬೇಕೇ ಬೇಕಾಗಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಸಭೆಯಲ್ಲಿ ಇದ್ದಿದ್ದರೆ ಅಥವಾ ಬೇರೆಯವರಿಗೆ ಮತಾಧಿಕಾರ ಬರೆದುಕೊಟ್ಟಿದ್ದರೆ, ಕನಿಷ್ಠ ಕಂತುಗಳನ್ನಾದರೂ ಕೇಳಬಹುದಿತ್ತು. ಅಕ್ಟೋಬರ್‌ನೊಳಗೆ ಪೂರ್ತಿ ಹಣ ಒಮ್ಮೆಲೇ ಕಟ್ಟಬೇಕಾಯಿತು. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದ ಶೇಕಡಾ 5ರ ಖರೀದಿ ತೆರಿಗೆ, ನೋಟರಿ ಮತ್ತು ನೋಂದಣಿ ಶುಲ್ಕ, ಏಜೆಂಟರ ಕಮಿಷನ್ನು ಇಷ್ಟಕ್ಕೇ ನಮ್ಮ ಉಳಿತಾಯ ಖಾಲಿಯಾಗಿತ್ತು. ವಂತಿಗೆಗಾಗಿ ಹೆಚ್ಚು ಬಡ್ಡಿಯ ವೈಯಕ್ತಿಕ ಸಾಲ ಮಾಡಿದೆವು.

ನಿರ್ಣಯ ಜುಲೈನದ್ದಾದರೂ ವಿಷಯ ಹಳೆಯದು. ಹಿಂದಿನ ಅಕ್ಟೋಬರ್‌ನ ಸಭೆಯ ನಡವಳಿಯಲ್ಲಿ, ಏಳನೆಯ ವಿಷಯವಾಗಿ, ಬಾಲ್ಕನಿಗಳ ಸ್ಥಿತಿಯ ಬಗ್ಗೆ ತಜ್ಞರ ವರದಿ ತರಿಸುವುದೆಂದೂ, ದೊಡ್ಡ ಖರ್ಚಿಗೆ ಮಾಲೀಕರು ಸಿದ್ಧರಿರಬೇಕೆಂದೂ ಬರೆದಿತ್ತು. ಸಹಿಗೆ ಮೂರು ವಾರ ಮೊದಲು ಏಜೆಂಟರು ಕಳಿಸಿದ ಇಮೇಲಿನ ಹದಿನೇಳು ಕಡತಗಳಲ್ಲಿ ಆ ನಡವಳಿಯೂ ಇತ್ತು. ನಾನು ನಕ್ಷೆಯನ್ನೂ ಇಂಧನ ಪ್ರಮಾಣಪತ್ರವನ್ನೂ ತೆರೆದು ನೋಡಿ ಸುಮ್ಮನಾದೆ. ನುರಿತ ವಿದೇಶಿ ಉದ್ಯೋಗಿಗಳಿಗೆ ಕೊಡುವ ‘ಬ್ಲೂ ಕಾರ್ಡ್’ ಎಂಬ ಪರವಾನಗಿ ಇದ್ದವರಿಗೆ ಬಿ1, ಅಂದರೆ ಮಧ್ಯಮ ಮಟ್ಟದ ಜರ್ಮನ್ ಬಂದರೆ 21 ತಿಂಗಳಲ್ಲಿ ಕಾಯಂ ವಾಸದ ಪರವಾನಗಿ ಸಿಗುತ್ತದೆ, ನನಗೂ ಸಿಕ್ಕಿತ್ತು. ಆದರೆ ಆ ಬಿ1 ಜರ್ಮನ್ ಇಂಥ ನಡವಳಿಗಳನ್ನು ಓದಲು ಏನೇನೂ ಸಾಲದು, ಅದನ್ನು ನನಗೆ ನಾನೇ ಒಪ್ಪಿಕೊಂಡು ಅನುವಾದ ಮಾಡಿಸಬೇಕಿತ್ತು.

ನೋಟರಿ ಇದ್ದಾರಲ್ಲ, ಅವರು ಎಲ್ಲವನ್ನೂ ಪರಿಶೀಲಿಸುತ್ತಾರೆ ಎಂಬ ಭರವಸೆಯೂ ನನ್ನದು. ಅವರು ಇಡೀ ಕರಾರನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ, ಭೂದಾಖಲೆಯನ್ನು ನೋಡುತ್ತಾರೆ, ಎರಡೂ ಕಡೆಗೆ ಸಮಾನವಾಗಿ ನಡೆದುಕೊಳ್ಳುತ್ತಾರೆ. ಕಟ್ಟಡದ ಸ್ಥಿತಿ, ಬೆಲೆ, ನಿಧಿಯ ಲೆಕ್ಕ ಅವರ ಕೆಲಸವಲ್ಲ. ಹಿಂದಿನ ಸಭೆಗಳ ನಿರ್ಣಯಗಳು ಹೊಸ ಮಾಲೀಕರಿಗೂ ತಾವಾಗಿ ಅನ್ವಯಿಸುತ್ತವೆ. ವಂತಿಗೆ ಕಟ್ಟಬೇಕಾದವರು, ಗಡುವಿನ ದಿನ ‘ಗ್ರುಂಡ್‌ಬುಖ್’ ಎಂಬ ಭೂದಾಖಲೆಯಲ್ಲಿ ಯಾರ ಹೆಸರಿದೆಯೋ ಅವರು. ಜೂನ್‌ನಿಂದ ಅಲ್ಲಿ ನಮ್ಮ ಹೆಸರಿತ್ತು.

ಮಾರಿದವರ ಮೇಲೆ ದಾವೆ ಹೂಡಬಹುದೇ ಎಂದು ವಕೀಲರನ್ನು ಕೇಳಿದೆ. ಕಾಗದ ಮೂರು ವಾರ ಮೊದಲೇ ನಿಮ್ಮ ಕೈ ಸೇರಿತ್ತು, ಓದಲು ಸಮಯವಿತ್ತು, ಗೆಲ್ಲುವುದು ಕಷ್ಟ ಎಂದರು. 2023ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಫೆಡರಲ್ ನ್ಯಾಯಾಲಯ ಇಂಥದೇ ವಿಷಯದಲ್ಲಿ ತೀರ್ಪು ಕೊಟ್ಟು, ಸಹಿಗೆ ಸ್ವಲ್ಪ ಮೊದಲು ಆನ್‌ಲೈನ್ ಕಡತಕೋಶಕ್ಕೆ ನಡವಳಿಯನ್ನು ಸೇರಿಸಿದ ಮಾತ್ರಕ್ಕೆ ದೊಡ್ಡ ಖರ್ಚಿನ ಬಗ್ಗೆ ತಿಳಿಸುವ ಮಾರಾಟಗಾರರ ಹೊಣೆ ತೀರುವುದಿಲ್ಲ ಎಂದಿತು. ಆ ಪ್ರಕರಣದಲ್ಲಿ ಶುಕ್ರವಾರ ಸೇರಿಸಿ ಸೋಮವಾರ ಸಹಿ ಹಾಕಿಸಿದ್ದರು. ನನ್ನದು ಹಾಗಲ್ಲ.

ಆದ್ದರಿಂದ ಕನಿಷ್ಠ ಮೂರು ವರ್ಷಗಳ ನಡವಳಿ, ನಿರ್ಣಯಗಳ ಸಂಗ್ರಹ, ವಾರ್ಷಿಕ ಲೆಕ್ಕ, ನಿಧಿಯ ಮೊತ್ತ ಇವನ್ನು ಕೇಳಿ ಪಡೆಯಿರಿ, ಓದಲು ಬಾರದಿದ್ದರೆ ಅನುವಾದಕ್ಕೆ ಖರ್ಚು ಮಾಡಿ. ‘ತಜ್ಞರ ವರದಿ’, ‘ಅಂದಾಜು ತರಿಸುವುದು’, ‘ಮುಂದಿನ ಸಭೆಗೆ ಮುಂದೂಡಲಾಗಿದೆ’ ಎಂಬ ಮಾತುಗಳು ಕಂಡಲ್ಲಿ ನಿಲ್ಲಿ. ಕರಾರಿನ ಕರಡನ್ನು ಮೊದಲೇ ತರಿಸಿಕೊಂಡು, ಈಗಾಗಲೇ ಸಭೆಯಲ್ಲಿ ಚರ್ಚೆಯಾಗಿರುವ ದುರಸ್ತಿಗಳಿಗೆ ಮುಂದೆ ವಂತಿಗೆ ಎತ್ತಿದರೆ ಅದನ್ನು ಮಾರಿದವರೇ ಭರಿಸಬೇಕೆಂಬ ಷರತ್ತನ್ನು ಸೇರಿಸಲು ಕೇಳಿ. ಅವರು ಒಪ್ಪದಿದ್ದರೆ ಆ ಮೊತ್ತವನ್ನು ಲೆಕ್ಕ ಹಾಕಿ ಬೆಲೆಯಲ್ಲಿ ಚೌಕಾಸಿ ಮಾಡಿ, ಅದೂ ಆಗದಿದ್ದರೆ ಬೇರೆ ಮನೆ ನೋಡಿ. ಇದನ್ನೆಲ್ಲ ಕೇಳಲು ಅವಕಾಶವಿರುವುದು ನೋಟರಿಯ ಮುಂದೆ ಸಹಿ ಹಾಕುವವರೆಗೆ ಮಾತ್ರ.