ಆಟೋ ಕಲಿಯುವವರೇ, ಏರಿನಲ್ಲಿ ಹಾಫ್ ಕ್ಲಚ್ ಹಿಡಿದು ನಿಲ್ಲಬೇಡಿ

ಆಟೋ ಓಡಿಸೋದು ಕಲಿಯಬೇಕು ಅಂತಿದ್ದೀರಾ? ಅದರಲ್ಲೂ ಇಷ್ಟು ದಿನ ಗೇರ್ ಇಲ್ಲದ ಸ್ಕೂಟರ್ ಓಡಿಸಿಕೊಂಡು ಇದ್ದವರಾ? ಹಾಗಾದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನನಗೆ ಆಗಿದ್ದು ನಿಮಗೆ ಆಗಬಾರದು.

ನಾನು ಹತ್ತು ವರ್ಷ ಗಾರ್ಮೆಂಟ್ಸ್‌ಗೆ ಹೋದವಳು. ಕೆಲಸ ಬಿಟ್ಟ ಮೇಲೆ ಆಟೋ ಓಡಿಸೋಣ ಅನ್ನಿಸಿತು. ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾಡಿಸಿದೆ. ನಮ್ಮ ಏರಿಯಾದಲ್ಲೇ ಕಲಿಸುವವರೊಬ್ಬರು ಇದ್ದರು. ಹತ್ತು ಕ್ಲಾಸ್, ದುಡ್ಡು ಮೊದಲೇ ಕೊಡಬೇಕು. ಕೊಟ್ಟೆ.

ಮೊದಲ ಎರಡು ದಿನ ಬನಶಂಕರಿ ಆರನೇ ಹಂತದ ಕಡೆ, ಖಾಲಿ ಸೈಟುಗಳ ಮಧ್ಯದ ರಸ್ತೆಯಲ್ಲಿ ಕಲಿಸಿದರು. ಅಲ್ಲಿ ಏನೂ ತೊಂದರೆ ಆಗಲಿಲ್ಲ. ಗಾಡಿ ಆಗಾಗ ಆಫ್ ಆಗುತ್ತಿತ್ತು, ಜರ್ಕ್ ಹೊಡೆಯುತ್ತಿತ್ತು. "ಬರುತ್ತೆ ಬಿಡಮ್ಮ, ಓಡಿಸ್ತಾ ಓಡಿಸ್ತಾ ಬರುತ್ತೆ" ಅಂದರು. ಕ್ಲಚ್, ಅಂದರೆ ಇಂಜಿನ್ನಿಗೂ ಚಕ್ರಕ್ಕೂ ಇರುವ ಹಿಡಿತ ಬಿಡಿಸುವ ಎಡಗೈ ಲಿವರ್, ಹೇಗೆ ಬಿಡಬೇಕು ಅಂತ ಕೂತು ಹೇಳಿಕೊಡಲೇ ಇಲ್ಲ.

ಮೂರನೇ ದಿನ ನೇರವಾಗಿ ಹನುಮಂತನಗರಕ್ಕೆ ಕರೆದುಕೊಂಡು ಹೋದರು. ರಾಮಾಂಜನೇಯ ಗುಡ್ಡದ ಸುತ್ತಮುತ್ತ ಎಷ್ಟು ಏರಿದೆ ಅಂತ ಆ ಕಡೆಯವರಿಗೆ ಗೊತ್ತು. ಹಿಂದಿನ ಸೀಟಿನಲ್ಲಿ ಕಲಿಯಲು ಬಂದ ಇನ್ನಿಬ್ಬರು, ಅವರ ಜೊತೆ ಕಲಿಸುವವರೂ ಕೂತಿದ್ದರು. ಮುಂದೆ ನಾನೊಬ್ಬಳೇ.

ಅರ್ಧ ಏರು ಹತ್ತಿದ್ದೆವು. ಮೇಲೆ ಬಸ್ಸೊಂದು ತಿರುಗುತ್ತಿತ್ತು, ಗಾಡಿಗಳೆಲ್ಲ ನಿಂತವು. "ಹಾಫ್ ಕ್ಲಚ್ ಹಿಡಿ, ರೇಸ್ ಕೊಡ್ತಾ ಇರು, ಹಿಂದೆ ಹೋಗಲ್ಲ" ಅಂತ ಹಿಂದಿನಿಂದ ಕೂಗಿದರು. ಹಾಗೇ ಮಾಡಿದೆ. ಗಾಡಿ ನಿಂತಿತು ನಿಜ. ಎಡಗೈ ನಡುಗಲು ಶುರುವಾಯಿತು. ಆಟೋದಲ್ಲಿ ಒಂದನೇ ಗೇರ್ ಹಾಕಿದಾಗ ಹಿಡಿ ತಿರುಗಿ ಕ್ಲಚ್ ಲಿವರ್ ಮೇಲಕ್ಕೆ ಬಂದಿರುತ್ತೆ. ಮಣಿಕಟ್ಟು ಮಡಚಿಕೊಂಡೇ ಲಿವರನ್ನು ಅರ್ಧಕ್ಕೆ ಹಿಡಿದಿರಬೇಕು. ಹೊಸಬರ ಕೈಗೆ ಅದು ಅರ್ಧ ನಿಮಿಷವೂ ಆಗಲ್ಲ. ಅಷ್ಟರಲ್ಲಿ ಸುಟ್ಟ ವಾಸನೆ ಬಂತು.

ಹಿಂದಿನ ಕಾರಿನವರು ಜೋರಾಗಿ ಹಾರ್ನ್ ಹೊಡೆದರು. ನಾನು ಗಾಬರಿಯಾಗಿ ಎಡಗೈ ಬಿಗಿಯಾಗಿ ಹಿಡಿದೆ. ಆರು ವರ್ಷ ಸ್ಕೂಟರ್ ಓಡಿಸಿದ ಕೈ ಅದು. ಸ್ಕೂಟರಿನಲ್ಲಿ ಎಡಗೈ ಲಿವರ್ ಅಂದರೆ ಬ್ರೇಕ್. ಆಟೋದಲ್ಲಿ ಅದೇ ಜಾಗದಲ್ಲಿ ಇರೋದು ಕ್ಲಚ್. ಬ್ರೇಕ್ ಹಿಡಿದೆ ಅಂದುಕೊಂಡೆ. ಹಿಡಿದಿದ್ದು ಕ್ಲಚ್. ಇಂಜಿನ್ನಿಗೂ ಚಕ್ರಕ್ಕೂ ಇದ್ದ ಹಿಡಿತವೇ ತಪ್ಪಿತು. ನಾಲ್ಕು ಜನ ಇದ್ದ ಗಾಡಿ ಹಿಂದಕ್ಕೆ ಜಾರಿತು. ಸ್ಕೂಟರಿನ ಅಭ್ಯಾಸಕ್ಕೆ ಎಡಗಾಲೂ ಹೊರಗೆ ಹೋಯಿತು, ನೆಲಕ್ಕೆ ಊರಿ ತಡೆಯೋಣ ಅಂತ. ಚಕ್ರಕ್ಕೆ ಸಿಕ್ಕಿದ್ದರೆ ಪಾದವೇ ಹೋಗುತ್ತಿತ್ತು. ಕಾರಿನ ಬಂಪರ್‌ಗೆ ತಗುಲಿದ ಸದ್ದು ಕೇಳಿ ಗಾಬರಿ ಇನ್ನೂ ಜಾಸ್ತಿಯಾಗಿ ಎಡಗೈ ಪೂರ್ತಿ ಬಿಟ್ಟೆ. ಬಲಗೈ ಇನ್ನೂ ರೇಸ್ ಕೊಡುತ್ತಲೇ ಇತ್ತು. ಗಾಡಿ ಮುಂದಕ್ಕೆ ಎಗರಿ, ಎದುರಿಗೆ ನಿಂತಿದ್ದ ಸ್ಕೂಟರಿಗೆ ಗುದ್ದಿತು.

ಸ್ಕೂಟರಿನಲ್ಲಿದ್ದವರು ವಯಸ್ಸಾದವರು. ಬಿದ್ದು ಎರಡೂ ಅಂಗೈ ತರಚಿತ್ತು. ಅವರ ತರಕಾರಿ ಚೀಲ ಹರಿದು ಟೊಮೇಟೊ ಎಲ್ಲ ಇಳಿಜಾರಿನಲ್ಲಿ ಉರುಳಿ ಹೋಯಿತು. ಅವರನ್ನು ಕ್ಲಿನಿಕ್‌ಗೆ ಕರೆದುಕೊಂಡು ಹೋಗಿ ಡ್ರೆಸಿಂಗ್ ಮಾಡಿಸಿದೆ. ಅವರು ಒಂದು ಕೆಟ್ಟ ಮಾತು ಆಡಲಿಲ್ಲ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಕಣ್ಣು ತುಂಬುತ್ತೆ.

ಕಲಿಸಿದವರು ಮಾತ್ರ ರಿಪೇರಿ ಖರ್ಚೆಲ್ಲ ನನ್ನ ತಲೆಗೇ ಕಟ್ಟಿದರು. ಗಾಡಿ ಬಿಚ್ಚುವಾಗ ನಾನೂ ಗ್ಯಾರೇಜಿನಲ್ಲಿದ್ದೆ. ಮೆಕ್ಯಾನಿಕ್ ಕ್ಲಚ್ ಪ್ಲೇಟ್‌ಗಳನ್ನು ಒಂದೊಂದಾಗಿ ತೆಗೆದು ಗೋಣಿಚೀಲದ ಮೇಲೆ ಇಟ್ಟರು. ಹಿಡಿತ ಕೊಡುವ ಪ್ಲೇಟ್‌ಗಳು ಕಪ್ಪಾಗಿದ್ದವು, ಮಧ್ಯದ ಸ್ಟೀಲ್ ಪ್ಲೇಟ್‌ಗಳು ಅಲ್ಲಲ್ಲಿ ನೀಲಿಗಟ್ಟಿದ್ದವು. "ಅರ್ಧ ಹಿಡಿದರೆ ಇವು ಒಂದಕ್ಕೊಂದು ಉಜ್ಜಿಕೊಂಡು ಜಾರ್ತಾ ಇರ್ತವೆ ಮೇಡಂ. ಆ ಬಿಸಿಗೆ ಹೀಗಾಗೋದು" ಅಂದರು. ಆ ಗಾಡಿಯಲ್ಲಿ ಪ್ಲೇಟ್‌ಗಳು ಇರೋದು ಇಂಜಿನ್ ಆಯಿಲ್‌ನಲ್ಲೇ. ಹಾಗಾಗಿ ಆಯಿಲ್ ಕೂಡ ಸೀದು ನಾರುತ್ತಿತ್ತು, ಅದನ್ನೂ ಬದಲಾಯಿಸಬೇಕಾಯಿತು. ಒಂದೇ ದಿನಕ್ಕೆ ಆಗಿದ್ದಲ್ಲ, ಎಲ್ಲರಿಗೂ ಹಾಗೇ ಕಲಿಸಿರಬೇಕು ಅಂತಲೂ ಹೇಳಿದರು. ಆದರೂ ದುಡ್ಡು ಹೋಗಿದ್ದು ನನ್ನದು.

ಆಮೇಲೆ ನನಗೆ ಕಲಿಸಿದ್ದು ನಮ್ಮ ಚಿಕ್ಕಪ್ಪ. ಎಷ್ಟೋ ವರ್ಷದಿಂದ ಆಟೋ ಓಡಿಸುತ್ತಿರುವವರು. ದುಡಿಮೆಯ ಗಾಡಿ, ಅವರಿಗೆ ಯಾಕೆ ತೊಂದರೆ ಅಂತ ಮೊದಲು ಕೇಳಿರಲಿಲ್ಲ. ಭಾನುವಾರ ಬೆಳಿಗ್ಗೆ ಆರಕ್ಕೇ ಎಬ್ಬಿಸಿ ಅದೇ ಖಾಲಿ ರಸ್ತೆಗೆ ಕರೆದುಕೊಂಡು ಹೋದರು.

"ಬಲಗೈ ತೆಗಿ. ರೇಸ್ ಮುಟ್ಟಲೇಬೇಡ" ಅಂದರು. ಒಂದನೇ ಗೇರ್ ಹಾಕಿ, ಬರೀ ಕ್ಲಚ್ ಬಿಡುತ್ತಾ ಬರಬೇಕು. ಕ್ಲಚ್ ಹಿಡಿತ ಕೊಡಲು ಶುರುಮಾಡುವ ಜಾಗಕ್ಕೆ ಬಂದಾಗ ಇಂಜಿನ್ ಸದ್ದು ಸ್ವಲ್ಪ ಕುಗ್ಗುತ್ತೆ, ಸೀಟಿನಡಿ ಗಾಡಿ ಸಣ್ಣಗೆ ನಡುಗುತ್ತೆ. "ಅಲ್ಲೇ ನಿಲ್ಲಿಸು. ಅದೇ ಕಚ್ಚೋ ಜಾಗ. ಮತ್ತೆ ಹಿಡಿ. ಮತ್ತೆ ಬಿಡು." ಒಂದು ಗಂಟೆ ಇದೇ ಕೆಲಸ. ಆ ಜಾಗ ಬೆರಳಿಗೆ ಗೊತ್ತಾದ ಮೇಲೆ ರೇಸ್ ಸೇರಿಸಿದೆವು. ಮುಂದಿದ್ದ ದೇವರ ಫೋಟೋಗೆ ಸೇವಂತಿಗೆ ಹಾರ ಹಾಕಿದ್ದರು. "ಗಾಡಿ ಹೊರಟಾಗ ಆ ಹಾರ ಹಿಂದಕ್ಕೆ ಹೊಡೆದರೆ ಕ್ಲಚ್ ಬೇಗ ಬಿಟ್ಟೆ ಅಂತ ಅರ್ಥ" ಅಂದರು. ಮೊದಮೊದಲು ಹಾರ ಪಟಪಟ ಬಡಿಯುತ್ತಿತ್ತು. ಎರಡನೇ ಭಾನುವಾರದ ಹೊತ್ತಿಗೆ ಸುಮ್ನೆ ತೂಗುವಷ್ಟಕ್ಕೆ ಬಂತು.

ಆಮೇಲೆ ಏರು. ಅಲ್ಲಿ ಚಿಕ್ಕಪ್ಪ ಹೇಳಿದ ಮಾತು ಯಾರೂ ನನಗೆ ಹೇಳಿರಲಿಲ್ಲ. "ಕಾರಿನವರಿಗೆ ರೇಸಿಗೂ ಬ್ರೇಕಿಗೂ ಒಂದೇ ಬಲಗಾಲು. ನಿನಗೆ ಹಾಗಲ್ಲ, ರೇಸ್ ಕೈಯಲ್ಲಿದೆ, ಬ್ರೇಕ್ ಕಾಲಲ್ಲಿದೆ. ಕ್ಲಚ್, ರೇಸ್, ಬ್ರೇಕ್ ಮೂರೂ ಒಟ್ಟಿಗೆ ಮಾಡಬಹುದು. ಮತ್ತೆ ಯಾಕೆ ಕ್ಲಚ್ಚಲ್ಲಿ ಗಾಡಿ ನಿಲ್ಲಿಸ್ತೀಯ?"

ಏರಿನಲ್ಲಿ ನಿಂತಾಗ ಬಲಗಾಲು ಬ್ರೇಕ್ ಮೇಲೆ ಗಟ್ಟಿಯಾಗಿರಲಿ. ತುಂಬಾ ಹೊತ್ತು ನಿಲ್ಲಬೇಕಾದರೆ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ. ಹೊರಡುವಾಗ ಕಾಲು ಬ್ರೇಕಿನಲ್ಲೇ ಇರಲಿ, ಒಂದನೇ ಗೇರ್ ಹಾಕಿ ಸ್ವಲ್ಪ ರೇಸ್ ಕೊಡಿ, ಕ್ಲಚ್ ಕಚ್ಚುವ ಜಾಗಕ್ಕೆ ತನ್ನಿ. ಸದ್ದು ಕುಗ್ಗಿ ಗಾಡಿ ಮುಂದಕ್ಕೆ ಎಳೆಯುತ್ತಿದೆ ಅನ್ನಿಸಿದ ಮೇಲೆ ನಿಧಾನಕ್ಕೆ ಕಾಲು ಎತ್ತಿ. ಒಂದಡಿಯೂ ಹಿಂದೆ ಹೋಗಲ್ಲ. ಹಿಂದೆ ಜನ ಜಾಸ್ತಿ ಕೂತಿದ್ದರೆ ರೇಸ್ ಸ್ವಲ್ಪ ಹೆಚ್ಚು ಬೇಕು ಅಷ್ಟೆ. ಸಿರ್ಸಿ ಸರ್ಕಲ್ ಫ್ಲೈಓವರ್ ಹತ್ತುವಾಗ ಜಾಮ್ ಆದರೆ ನಾನು ಮಾಡೋದು ಇಷ್ಟೇ.

ಗಾಬರಿಯಾದಾಗ ಎಡಗೈ ಬಿಗಿ ಹಿಡಿಯುವ ಅಭ್ಯಾಸ ಹೋಗಲು ಮಾತ್ರ ನನಗೆ ತಿಂಗಳೇ ಬೇಕಾಯಿತು. ಚಿಕ್ಕಪ್ಪ ಖಾಲಿ ರಸ್ತೆಯಲ್ಲಿ ಇದ್ದಕ್ಕಿದ್ದಂತೆ "ನಿಲ್ಲಿಸು!" ಅಂತ ಕೂಗುತ್ತಿದ್ದರು. ಕಾಲು ಮೊದಲು ಹೋಗಬೇಕು, ಕೈ ಆಮೇಲೆ. ಸ್ಕೂಟರಿನಿಂದ ಬರುವ ಅಕ್ಕತಂಗಿಯರೇ, ಇದೊಂದನ್ನು ಸಾಕು ಸಾಕು ಅನ್ನಿಸುವಷ್ಟು ಮಾಡಿ, ಆಮೇಲೆ ಟ್ರಾಫಿಕ್‌ಗೆ ಇಳಿಯಿರಿ.

ದುಡ್ಡು ಕೊಡುವ ಮೊದಲು ಕಲಿಸುವವರನ್ನು ಒಂದು ಮಾತು ಕೇಳಿ: ಏರಿನಲ್ಲಿ ನಿಂತ ಗಾಡಿಯನ್ನು ಹೇಗೆ ಮೂವ್ ಮಾಡಬೇಕು? "ಹಾಫ್ ಕ್ಲಚ್ಚಲ್ಲಿ ಹಿಡಿದಿರಬೇಕು" ಅಂದರೆ ಅಲ್ಲಿಂದ ಎದ್ದು ಬನ್ನಿ. ಕಲಿಯುವ ಗಾಡಿಗೆ ಹಿಂದೆ ಮುಂದೆ ಕೆಂಪು ಬಣ್ಣದ ಎಲ್ ಬೋರ್ಡ್ ಇದೆಯಾ ನೋಡಿ. ಎಲ್‌ಎಲ್ ಇರುವವರು ಓಡಿಸುವಾಗ ಲೈಸೆನ್ಸ್ ಇರುವವರು ಬೇಕಾದರೆ ಗಾಡಿ ನಿಲ್ಲಿಸಲು ಆಗುವ ಜಾಗದಲ್ಲಿ ಕೂತಿರಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ. ಹಿಂದಿನ ಸೀಟಿನಲ್ಲಿ ಕೂತು ಕೂಗುತ್ತೇನೆ ಅನ್ನುವವರ ಗಾಡಿ ಹತ್ತಲೇಬೇಡಿ.